ದೊಡ್ಡಮ್ಮನ ಕೈಗೊಂದು ಒಗ್ಗರಣೆ

ಬೀದಿಯ ಜನ ಅವಳನ್ನು ಮಂಪರು ಬರಿಸೋ ಡಾಕ್ಟರು ಎಂದು ಕರೆಯುತ್ತಿದ್ದರು. ಆಪರೇಷನ್ನಿಗೆ ಬಂದವರಿಗೆ ಅರಿವಳಿಕೆ ಕೊಡುವುದು ಆಸ್ಪತ್ರೆಯಲ್ಲಿ ಅವಳ ಕೆಲಸ. ಮನೆಯಲ್ಲಿ ಮಾತ್ರ ಅವಳು ಗುಂಡಿ. ತಾಯಿ ತೀರಿಕೊಂಡು ದೊಡ್ಡಮ್ಮನ ಮಡಿಲಿಗೆ ಬಂದಾಗ ಅವಳಿನ್ನೂ ಶಾಲೆಗೆ ಸೇರದ ಮಗು. ಬಂದ ಹೊಸದರಲ್ಲೇ ದೊಡ್ಡಮ್ಮನ ಇಸ್ತ್ರಿ ಅಂಗಡಿಯ ನೆಲದ ಮೇಲೆ ಬಿದ್ದಿದ್ದ ಕೋಟಿನ ಗುಂಡಿಯೊಂದನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟಳು. ದೊಡ್ಡಪ್ಪ ಗಾಬರಿಯಿಂದ ಊಟ ಬಿಟ್ಟ. ದೊಡ್ಡಮ್ಮ, ಒಳಗೆ ಹೋದದ್ದು ಹೊರಗೆ ಬರಲೇಬೇಕು, ಅದೇನು ಅಲ್ಲೇ ಸಂಸಾರ ಹೂಡುತ್ತಾ ಎಂದು ಕೋಟಿಗೆ ಬೇರೆ ಗುಂಡಿ ಹೊಲಿದಳು. ಗುಂಡಿ ಹೊರಗೆ ಬಂತು, ಹೆಸರು ಉಳಿಯಿತು.

ಕೆಳಗೆ ಅಂಗಡಿ, ಮೇಲೆ ಮನೆ. ಇಸ್ತ್ರಿ ದೊಡ್ಡಮ್ಮನದು. ಕಲೆ ತೆಗೆಯುವುದು, ಬಟ್ಟೆ ಮುಟ್ಟಿಸುವುದು, ಗಿರಾಕಿಗಳ ಜೊತೆ ಹರಟುವುದು ದೊಡ್ಡಪ್ಪನದು. ನೋವಿನ ವಿಷಯದಲ್ಲೂ ಇಬ್ಬರೂ ಹೀಗೇ ಕೆಲಸ ಹಂಚಿಕೊಂಡಂತಿತ್ತು. ದೊಡ್ಡಪ್ಪನಿಗೆ ನೆಗಡಿಯಾದರೆ ಬೀದಿಗೇ ಗೊತ್ತಾಗುತ್ತಿತ್ತು. ಬೆರಳಿಗೆ ಸೂಜಿ ಚುಚ್ಚಿದರೆ ಆ ಬೆರಳನ್ನು ಎತ್ತಿ ಹಿಡಿದುಕೊಂಡು ಅಕ್ಕಪಕ್ಕದ ಅಂಗಡಿಗಳಿಗೆಲ್ಲ ತೋರಿಸಿ ಬರುತ್ತಿದ್ದ. ದೊಡ್ಡಮ್ಮನ ಕಾಲಿನ ಮೇಲೆ ಒಮ್ಮೆ ಕಾದ ಇಸ್ತ್ರಿ ಪೆಟ್ಟಿಗೆಯೇ ಬಿದ್ದಿತ್ತು. ಅವಳು ಅದನ್ನೆತ್ತಿ ಅದರ ಜಾಗದಲ್ಲಿಟ್ಟು, ಹಿಡಿದಿದ್ದ ಸ್ಕರ್ಟಿನ ನೆರಿಗೆ ಮುಗಿಸಿ, ಆಮೇಲೆ ನಲ್ಲಿಯ ಕೆಳಗೆ ಕಾಲೊಡ್ಡಿದಳು. ಕೇಳಿದವರಿಗೆ, ಏನಿಲ್ಲ, ಚುರುಕ್ ಅಂತು ಅಷ್ಟೆ ಎಂದಳು. ಹಲ್ಲು ಹುಳುಕಾಗಿ ದವಡೆ ಊದಿಕೊಂಡಾಗಲೂ ಅದೇ ಮಾತು. ಗುಂಡಿ ಡಾಕ್ಟರಾದ ಮೇಲೆ ದೊಡ್ಡಮ್ಮನ ಮುಖ ನೋಡಿಯೇ ಕಾಯಿಲೆ ಊಹಿಸುವುದನ್ನು ಕಲಿತಳು. ಬಾಯಿ ಬಿಡಿಸುವುದು ಆಗದ ಕೆಲಸವಾಗಿತ್ತು.

ಕೈ ಮುರಿದದ್ದೂ ಹೀಗೇ ಗೊತ್ತಾಯಿತು. ಆ ಸಂಜೆ ಗುಂಡಿ ಆಸ್ಪತ್ರೆಯಿಂದ ಬಂದಾಗ ದೊಡ್ಡಮ್ಮ ಎಡಗೈಯಲ್ಲಿ ಚಹಾ ಸೋಸುತ್ತಿದ್ದಳು. ಸೋಸಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಬಲಗೈ ಹೊದ್ದ ಶಾಲಿನೊಳಗಿತ್ತು. ಗುಂಡಿ ಶಾಲು ಸರಿಸಿ ನೋಡಿದರೆ ಮಣಿಕಟ್ಟು ಬಾತು ಸೊಟ್ಟಗಾಗಿತ್ತು. ಬೆಳಿಗ್ಗೆ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಪರದೆಗಳ ಗಂಟು ಇಳಿಸುವಾಗ ಗಂಟೂ ಅವಳೂ ಒಟ್ಟಿಗೆ ಇಳಿದಿದ್ದರು. ಆಮೇಲೆ ಮಧ್ಯಾಹ್ನದವರೆಗೆ ಎಡಗೈಯಲ್ಲಿ ಇಸ್ತ್ರಿ ಮಾಡಿದ್ದಳು. ಉಳುಕಿರಬೇಕು ಅಂದುಕೊಂಡೆ ಎಂದಳು. ಅದನ್ನು ಕೇಳಿ ದೊಡ್ಡಪ್ಪ ಕುರ್ಚಿಯಲ್ಲಿ ಕುಸಿದ. ಗುಂಡಿ ಮೊದಲು ಅವನಿಗೆ ನೀರು ಕುಡಿಸಿ, ಆಮೇಲೆ ದೊಡ್ಡಮ್ಮನ ಕೈಗೆ ಪಟ್ಟಿ ಕಟ್ಟಬೇಕಾಯಿತು.

ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು, ಒಳಗೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕಲೇಬೇಕು ಎಂದರು. ಮರುದಿನ ಬೆಳಿಗ್ಗೆಯೇ ಆಪರೇಷನ್ ಎಂದಾಯಿತು. ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯವಿರಲಿಲ್ಲ. ಕೈಗೆ ಹೋಗುವ ನರಗಳೆಲ್ಲ ಕೊರಳೆಲುಬಿನ ಮೇಲ್ಬದಿಯಲ್ಲಿ ಒಂದೆಡೆ ಗುಂಪುಗೂಡಿ ಹಾದುಹೋಗುತ್ತವೆ. ಅಲ್ಲಿ ಮದ್ದು ಬಿಟ್ಟರೆ ಕೈ ಮಾತ್ರ ಮರಗಟ್ಟುತ್ತದೆ, ಮನುಷ್ಯ ಎಚ್ಚರವಾಗಿಯೇ ಇರಬಹುದು. ಗುಂಡಿ ದಿನಬೆಳಗಾದರೆ ಮಾಡುವ ಕೆಲಸ ಇದು. ಆದರೆ ತಮ್ಮ ಮನೆಯವರಿಗೆ ತಾವೇ ಸೂಜಿ ಹಿಡಿಯಬಾರದು ಎಂಬುದು ಅವರ ವಿಭಾಗದಲ್ಲಿ ಎಲ್ಲರೂ ಪಾಲಿಸುತ್ತಿದ್ದ ಮಾತು. ಕರುಳು ಮಿಡಿದಾಗ ಕೈ ನಡುಗುತ್ತದೆ ಎಂದು. ಹಾಗಾಗಿ ವಿಭಾಗದ ಹಿರಿಯ ಡಾಕ್ಟರು ತಾವೇ ಮಾಡುತ್ತೇನೆಂದು ಬಂದರು. ದೊಡ್ಡಮ್ಮ ಒಪ್ಪಲಿಲ್ಲ.

"ನಮ್ಮ ಗುಂಡಿ ಚುಚ್ಚಿದ್ರೆ ಚುಚ್ಚಿಸ್ಕೋತೀನಿ" ಎಂದಳು. "ಇಲ್ಲಾಂದ್ರೆ ಈ ಕೈ ಹೀಗೇ ಇರಲಿ. ಇನ್ನೊಂದಿದೆಯಲ್ಲ."

ಹಿರಿಯರು ಸುತ್ತ ನೋಡಿ, ಗುಂಡಿ ಅಂದರೆ ಯಾರು ಎಂದು ಕೇಳಿದರು. ನರ್ಸ್ ಮುಖ ತಿರುಗಿಸಿಕೊಂಡು ನಕ್ಕಳು. ಅವತ್ತಿನಿಂದ ಆಸ್ಪತ್ರೆಯಲ್ಲೂ ಆ ಹೆಸರು ಹಬ್ಬಿತು, ಅದು ಬೇರೆ ಮಾತು. ಕೊನೆಗೆ ಸೂಜಿ ಹಿಡಿಯುವುದು ಗುಂಡಿ, ಪಕ್ಕದಲ್ಲೇ ನಿಂತಿರುವುದು ಹಿರಿಯರು ಎಂದು ಇತ್ಯರ್ಥವಾಯಿತು.

ಗುಂಡಿಗೂ ಹಿರಿಯರಿಗೂ ಮಾತು ಬೆಳೆದದ್ದು ಬೇರೊಂದು ವಿಷಯಕ್ಕೆ. ಮರಗಟ್ಟಿಸುವ ಮದ್ದಿನ ಜೊತೆ ಇನ್ನೊಂದು ಮದ್ದನ್ನು ಚೂರೇ ಚೂರು ಬೆರೆಸುವುದುಂಟು. ಕೆಲವನ್ನು ಬೆರೆಸಿದರೆ ಜೋಮು ಬೇಗ ಹಿಡಿಯುತ್ತದೆ, ಕೆಲವು ಅದನ್ನು ಹೆಚ್ಚು ಹೊತ್ತು ನಿಲ್ಲಿಸುತ್ತವೆ. ಬರೀ ಮದ್ದಾದರೆ ಸಂಜೆಯ ಹೊತ್ತಿಗೆ ಇಳಿಯತೊಡಗುತ್ತದೆ, ಬೆರಕೆಯಾದರೆ ಮರುದಿನದವರೆಗೂ ಎಳೆಯುತ್ತದೆ. ಹಿರಿಯರು ಈ ಬೆರಕೆಗಳಿಗೆಲ್ಲ ಒಗ್ಗರಣೆ ಎಂದು ಹೆಸರಿಟ್ಟಿದ್ದರು. ಅಡುಗೆ ಸರಿಯಾಗಿದ್ದರೆ ಒಗ್ಗರಣೆಯ ಹಂಗೇಕೆ ಎನ್ನುವುದು ಅವರ ವಾದ. ನರದ ಪಕ್ಕದಲ್ಲಿ ಎಷ್ಟು ಕಡಿಮೆ ಸಾಮಾನು ಸುರಿದರೆ ಅಷ್ಟು ಒಳ್ಳೆಯದು, ಬೇಕಿದ್ದರೆ ರಕ್ತನಾಳಕ್ಕೆ ಕೊಡು, ಸಂಜೆಗೆ ನೋವು ಬಂದರೆ ಮಾತ್ರೆ ಇದ್ದೇ ಇದೆ ಎಂದರು.

"ಸರ್, ಇವರು ನೋವು ಅಂತ ಹೇಳಲ್ಲ" ಎಂದಳು ಗುಂಡಿ. "ಕೇಳಿದ್ರೂ ಹೇಳಲ್ಲ. ಹೇಳಿದ ಮೇಲೆ ಮಾತ್ರೆ ಕೊಡೋಣ ಅಂತ ಕಾಯ್ತಾ ಕೂತ್ರೆ, ಹಲ್ಲು ಕಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಜಾಸ್ತಿ ನೋಯೋ ಹೊತ್ತನ್ನ ನಾನೇ ಹೇಗಾದ್ರೂ ದಾಟಿಸಬೇಕು."

ಹಿರಿಯರು ಅವಳ ಮುಖವನ್ನೇ ನೋಡಿದರು. ಆಮೇಲೆ, ಯಾವ ಒಗ್ಗರಣೆ ಎಂದು ಕೇಳಿದರು. ಅದನ್ನು ಅವಳು ಆಗಲೇ ಅಳೆದು ಸುರಿದು ನೋಡಿದ್ದಳು. ಒಂದು ಮದ್ದು ಜೋಮನ್ನೂ ಎಳೆಯುತ್ತದೆ, ಒಳ್ಳೆಯ ಮಂಪರನ್ನೂ ತರುತ್ತದೆ. ಆದರೆ ನಾಡಿಯನ್ನು ನಿಧಾನ ಮಾಡುತ್ತದೆ, ದೊಡ್ಡಮ್ಮನ ನಾಡಿಯೋ ಮೊದಲೇ ಎಮ್ಮೆಯ ನಡಿಗೆ. ಅದು ಬೇಡ. ಇನ್ನೊಂದು ಸ್ಟೆರಾಯ್ಡ್. ಅದು ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆಯೂ ಇತ್ತು, ಆದರೆ ಮಾತ್ರೆಯ ಹಿಡಿತದಲ್ಲಿತ್ತು. ಆ ಮದ್ದನ್ನು ರೂಢಿಗಿಂತ ಕಡಿಮೆ ಹಾಕಿ, ಸಕ್ಕರೆಯ ಮೇಲೆ ಕಣ್ಣಿಟ್ಟರೆ ಆಗುತ್ತದೆ. ಹಿರಿಯರು ತಲೆಯಾಡಿಸಿದರು. ಎಲ್ಲ ಯೋಚನೆ ಮಾಡಿದ್ದೀಯಾ ಎಂದು ಕೇಳಿದರು. ಹೂಂ ಸರ್ ಎಂದಳು. ದೊಡ್ಡಮ್ಮನಿಗೂ ಬಿಡಿಸಿ ಹೇಳಿದಳು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು, ನಾಳೆವರೆಗೂ ಏನೂ ಗೊತ್ತಾಗಲ್ಲ ಅಂತೀಯಾ, ಹಾಗಾದರೆ ಹಾಕು ಎಂದಳು.

ಥಿಯೇಟರಿನ ಮೇಜಿನ ಮೇಲೆ ಮಲಗಿದ ದೊಡ್ಡಮ್ಮ ತನ್ನ ಮೇಲೆ ಹೊದಿಸಿದ್ದ ಹಸಿರು ಬಟ್ಟೆಯ ಅಂಚನ್ನು ಎಡಗೈಯಲ್ಲಿ ಹಿಡಿದು ನೋಡಿ, ಇದಕ್ಕೆ ಇಸ್ತ್ರಿ ಮಾಡಿದವರು ಅಂಚು ಎಳೆದುಬಿಟ್ಟಿದ್ದಾರೆ ಎಂದಳು. ಗುಂಡಿ ಅವಳ ಕೊರಳಿನ ಬದಿಗೆ ಸ್ಕ್ಯಾನಿನ ಹಿಡಿ ಇಟ್ಟಳು. ಪರದೆಯ ಮೇಲೆ ನರಗಳು ದ್ರಾಕ್ಷಿಗೊಂಚಲಿನ ಹಾಗೆ ಕಂಡವು. ಪಕ್ಕದಲ್ಲಿ ರಕ್ತನಾಳ ಮಿಡಿಯುತ್ತಿತ್ತು. ದೊಡ್ಡಮ್ಮ ಹೆಗಲಿಗೆ ಹಾಕಿಕೊಂಡು ಅಂಗಡಿ ನಡೆಸುವಾಗ ತಾನು ಮಲಗುತ್ತಿದ್ದದ್ದು ಇದೇ ಕೊರಳಿನ ಪಕ್ಕದಲ್ಲಿ ಅಲ್ಲವೇ ಎಂಬ ಯೋಚನೆ ಬಂದದ್ದೇ ತಡ, ಗುಂಡಿ ಅದನ್ನು ಬಲವಂತವಾಗಿ ಆಚೆ ತಳ್ಳಿ ಸೂಜಿಯ ತುದಿಯನ್ನು ಮಾತ್ರ ನೋಡಿದಳು. ಅವಳು ಸೂಜಿ ಹಿಡಿದಳು, ಹಿರಿಯರು ಮದ್ದನ್ನು ಸ್ವಲ್ಪ ಸ್ವಲ್ಪವಾಗಿ ಒತ್ತಿದರು. ಗೊಂಚಲಿನ ಸುತ್ತ ಮದ್ದು ಕಪ್ಪಗೆ ಹರಡಿಕೊಂಡಿತು. ನೋಯ್ತಾ ಎಂದು ಕೇಳಿದ್ದಕ್ಕೆ ಇಲ್ಲ ಎಂಬ ಉತ್ತರವೇ ಬಂತು. ಸೂಜಿ ಹೊರಗೆ ಬಂದ ಮೇಲೆ ಗುಂಡಿಯ ಕೈ ನಡುಗಿತು. ಹಿರಿಯರು ಅದನ್ನು ಕಂಡೂ ಕಾಣದವರಂತೆ ಗಡಿಯಾರ ನೋಡಿದರು.

ಸ್ವಲ್ಪ ಹೊತ್ತಿಗೆಲ್ಲ ಬಲಗೈ ಮೊದಲು ಬೆಚ್ಚಗಾಯಿತು, ಆಮೇಲೆ ಭಾರವಾಯಿತು, ಆಮೇಲೆ ಇಲ್ಲವೇ ಇಲ್ಲದಂತಾಯಿತು. ಎತ್ತು ಎಂದರೆ ಎತ್ತಲಾಗಲಿಲ್ಲ. ದೊಡ್ಡಮ್ಮನಿಗೆ ನಗು ಬಂತು.

"ಇದು ನನ್ನದಲ್ಲ ಕಣೇ. ಯಾರೋ ಗಿರಾಕಿ ಮರೆತು ಬಿಟ್ಟುಹೋದ ಹಾಗಿದೆ."

ಆಪರೇಷನ್ ಸರಾಗವಾಗಿ ನಡೆಯಿತು. ಡ್ರಿಲ್ಲಿನ ಸದ್ದು ಕೇಳಿ, ಒಳಗೆ ಬಡಗಿಯನ್ನೂ ಇಟ್ಟುಕೊಂಡಿದ್ದೀರಾ ಎಂದು ದೊಡ್ಡಮ್ಮ ವಿಚಾರಿಸಿದಳು. ಮೂಳೆ ಡಾಕ್ಟರು, ನಾನೇ ಬಡಗಿ ತಾಯಿ ಎಂದರು. ಈ ಬಗೆಯ ಮದ್ದಿನಿಂದ ಕೆಲವರಿಗೆ ಆ ಕಡೆಯ ಕಣ್ಣಿನ ರೆಪ್ಪೆ ಕೊಂಚ ಜೋತುಬೀಳುತ್ತದೆ, ಜೋಮು ಇಳಿದಾಗ ತಾನಾಗಿ ಸರಿಹೋಗುತ್ತದೆ. ದೊಡ್ಡಮ್ಮನಿಗೂ ಹಾಗಾಯಿತು. ಅವಳನ್ನು ಹೊರಗೆ ತಂದಾಗ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದ ದೊಡ್ಡಪ್ಪ ಅವಳ ಮುಖ ನೋಡಿ ತಬ್ಬಿಬ್ಬಾದ. ಗುಂಡಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ.

"ಏನು ಮದ್ದು ಕೊಟ್ಟೆ ನೀನು? ಮದುವೆಯಾದಾಗಿನಿಂದ ಒಂದು ದಿನ ಮಾಡದೋಳು, ಇವತ್ತು ನನಗೆ ಕಣ್ಣು ಹೊಡೀತಿದಾಳೆ."

ಗುಂಡಿ ಕಾರಣ ವಿವರಿಸಿದಳು. ದೊಡ್ಡಪ್ಪ ಕೇಳಿಸಿಕೊಂಡ, ನಂಬಿದನೋ ಇಲ್ಲವೋ ತಿಳಿಯದು. ತಲೆಗೂದಲು ಸರಿಮಾಡಿಕೊಂಡು ಹೋಗಿ ಮಂಚದ ಪಕ್ಕ ಕೂತ.

ಸಂಜೆ ಮನೆಗೆ ಬಂದರು. ದೊಡ್ಡಮ್ಮನ ಕೈಗೆ ಬೆರಳ ತುದಿಗಳಷ್ಟೇ ಕಾಣುವ ಹಾಗೆ ಪಟ್ಟಿ ಸುತ್ತಿ, ಕೊರಳಿಂದ ಬಟ್ಟೆಯ ಜೋಲಿಯಲ್ಲಿ ಇಳಿಬಿಟ್ಟಿದ್ದರು. ಆ ಕೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಜೋಲಿಯಿಂದ ತೆಗೆದು ದಿಂಬಿನ ಮೇಲಿಟ್ಟರೆ ಜಾರಿ ಕೆಳಗೆ ಬೀಳುತ್ತಿತ್ತು. ಒಮ್ಮೆ ಬೀಳುವಾಗ ದೊಡ್ಡಪ್ಪನ ಮೂಗಿಗೇ ಬಡಿಯಿತು. ಅವನು ಮೂಗು ಹಿಡಿದುಕೊಂಡು ನರಳಿದ, ಹೊಡೆದವಳಿಗೆ ಹೊಡೆದದ್ದೇ ಗೊತ್ತಿರಲಿಲ್ಲ. ಅವನೇ ಊಟ ತಿನ್ನಿಸಿದ, ತಲೆ ಬಾಚಿದ. ಬೈತಲೆ ಸೊಟ್ಟಗಾಯಿತು. ದೊಡ್ಡಮ್ಮ ಅದನ್ನು ತಿದ್ದಲು ಹೋಗಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಬೆಳಿಗ್ಗೆ ಗುಂಡಿ ಪರೀಕ್ಷೆ ಮಾಡಿದಳು. ಬೆರಳುಗಳು ಬೆಚ್ಚಗಿದ್ದವು, ಬಣ್ಣ ಚೆನ್ನಾಗಿತ್ತು, ಜೋಮು ಇನ್ನೂ ಬಿಟ್ಟಿರಲಿಲ್ಲ. ಸಕ್ಕರೆ ಎಣಿಸಿದ್ದಕ್ಕಿಂತ ಕಡಿಮೆಯೇ ಏರಿತ್ತು. ಎಲ್ಲ ಅಂದುಕೊಂಡ ಹಾಗೇ ಆಗಿದೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ದೊಡ್ಡಪ್ಪನಿಗೆ ಪಕ್ಕ ಬಿಟ್ಟು ಕದಲಬೇಡ ಎಂದು ಹೇಳಿ, ಹಗುರವಾದ ಮನಸ್ಸಿನಿಂದ ಕೆಲಸಕ್ಕೆ ಹೋದಳು.

ದೊಡ್ಡಮ್ಮ ಎದ್ದು ಕೂತಳು. ಎಲ್ಲೂ ನೋವಿಲ್ಲ. ಕೈ ಮುರಿದದ್ದು, ಕುಯ್ದದ್ದು, ಹೊಲಿದದ್ದು, ಇವೆಲ್ಲ ಯಾರಿಗೋ ಆದಂತಿತ್ತು. ಸುಮ್ಮನೆ ಮಲಗುವುದಕ್ಕೆ ಅವಳಿಗೆ ಒಂದು ಕಾರಣವೂ ಕಾಣಲಿಲ್ಲ. ಕೆಳಗೆ ಎದುರು ಹೋಟೆಲಿನ ಮೇಜುಬಟ್ಟೆಗಳು ಕಾಯುತ್ತಿದ್ದವು. ಮಾಡಿಟ್ಟಿರುವಷ್ಟನ್ನಾದರೂ ಕೊಟ್ಟು ಬನ್ನಿ, ನಾನು ಇಲ್ಲೇ ಮಲಗಿರ್ತೀನಿ ಎಂದು ಗಂಡನನ್ನು ಕಳಿಸಿದಳು. ಅವನು ರಸ್ತೆ ದಾಟುವಷ್ಟರಲ್ಲಿ ಮೆಟ್ಟಿಲಿಳಿದು ಅಂಗಡಿಗೆ ಬಂದು ಪೆಟ್ಟಿಗೆ ಕಾಯಲಿಟ್ಟಳು.

ಎಡಗೈ ಇಸ್ತ್ರಿ ಅವಳಿಗೆ ಈಗಾಗಲೇ ಸ್ವಲ್ಪ ರೂಢಿಯಾಗಿತ್ತು. ಕಷ್ಟವೆಂದರೆ ಬಟ್ಟೆ ಜಾರುತ್ತಿತ್ತು, ಒತ್ತಿ ಹಿಡಿಯಲು ಇನ್ನೊಂದು ಕೈ ಬೇಕಿತ್ತು. ಅವಳು ಬಲಗೈಯನ್ನು ಜೋಲಿಯಿಂದ ತೆಗೆದು, ಹೊರೆ ಇಡುವ ಹಾಗೆ ಬಟ್ಟೆಯ ಅಂಚಿನ ಮೇಲಿಟ್ಟಳು. ತೂಕಕ್ಕೆ ಒಳ್ಳೆಯದಾಯಿತು. ಒಂದು ಮೇಜುಬಟ್ಟೆ ಮುಗಿಸಿ ಇನ್ನೊಂದು ಹಾಸಿದಳು. ಪೆಟ್ಟಿಗೆಯನ್ನು ಬದಿಗಿಟ್ಟು ಮಡಿಕೆ ನೋಡಲು ಬಗ್ಗಿದಾಗ ಆ ಕೈ ತಾನಾಗಿ ಜಾರಿ ಪೆಟ್ಟಿಗೆಗೆ ಒರಗಿಕೊಂಡಿತು. ಅದು ಅವಳಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯೇ ಇರಲಿಲ್ಲ.

ದೊಡ್ಡಪ್ಪನಿಗೆ ಬಾಗಿಲ ಹೊರಗೇ ವಾಸನೆ ಬಡಿಯಿತು. ಬಟ್ಟೆಯ ಕಸುಬಿನಲ್ಲಿ ತಲೆ ನರೆತವನು, ಮೇಜುಬಟ್ಟೆ ಸೀದ ವಾಸನೆ ಅವನಿಗೆ ಗೊತ್ತು. ಇದು ಅದಲ್ಲ. ಒಳಗೆ ಬಂದರೆ ಹೆಂಡತಿ ಬಗ್ಗಿ ಮಡಿಕೆ ಸರಿಮಾಡುತ್ತಿದ್ದಾಳೆ, ಅವಳ ಬಲಗೈಯ ಪಟ್ಟಿಯಿಂದ ತೆಳ್ಳಗೆ ಹೊಗೆ ಏಳುತ್ತಿದೆ. ಸೂಜಿ ಚುಚ್ಚಿದರೆ ಬೀದಿ ಸುತ್ತುತ್ತಿದ್ದ ಆ ಮನುಷ್ಯ ಚಕಾರವೆತ್ತಲಿಲ್ಲ. ಎರಡೇ ಹೆಜ್ಜೆಗೆ ಬಂದು ಕೈಯನ್ನು ಎತ್ತಿ ಎದೆಗೊತ್ತಿಕೊಂಡ, ಪೆಟ್ಟಿಗೆಯ ಸ್ವಿಚ್ ಆರಿಸಿದ, ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿದ. ಆಮೇಲೆ ಗುಂಡಿಗೆ ಫೋನ್ ಮಾಡಿ, ಕೈ ಸ್ವಲ್ಪ ಸುಟ್ಟಿದೆ, ಬಾ ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಅವನ ದನಿ ಅಷ್ಟು ಶಾಂತವಾಗಿದ್ದುದರಿಂದಲೇ ಗುಂಡಿಗೆ ಹೆದರಿಕೆ ಹುಟ್ಟಿತು.

ಕೈಯಲ್ಲಿದ್ದ ಕೆಲಸವನ್ನು ಹಿರಿಯರಿಗೆ ಒಪ್ಪಿಸಿ ಅವಳು ಓಡಿ ಬಂದಳು. ಪಟ್ಟಿಯ ಪದರಗಳು ಕಂದಾಗಿ ಗರಿಗರಿಯಾಗಿದ್ದವು. ಬಿಚ್ಚಿ ನೋಡಿದರೆ ಹೊಲಿಗೆಗೆ ಏನೂ ಆಗಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಉಗುರಗಲ ಚರ್ಮ ಸುಟ್ಟು ಬೊಬ್ಬೆ ಎದ್ದಿತ್ತು. ದೊಡ್ಡಪ್ಪ ಇನ್ನೆರಡು ಮಾತು ಹೋಟೆಲಿನವನ ಜೊತೆ ಆಡಿ ಬಂದಿದ್ದರೆ ಏನಾಗುತ್ತಿತ್ತು ಎಂದು ಮೂವರಿಗೂ ಗೊತ್ತಿತ್ತು. ಗುಂಡಿ ಸುಟ್ಟ ಜಾಗವನ್ನು ತಣ್ಣೀರಿನಲ್ಲಿ ನೆನೆಸಿದ ಬಟ್ಟೆಯಿಂದ ತಂಪು ಮಾಡಿ, ಮೂಳೆ ಡಾಕ್ಟರಿಗೆ ಫೋನಿನಲ್ಲಿ ಎಲ್ಲ ತಿಳಿಸಿ, ಅವರು ಹೇಳಿದ ಹಾಗೆ ಹೊಸ ಪಟ್ಟಿ ಸುತ್ತಿದಳು. ಸುತ್ತುವವರೆಗೂ ಡಾಕ್ಟರಾಗಿದ್ದಳು. ಸುತ್ತಿ ಮುಗಿಸಿದ ಮೇಲೆ ಬಟ್ಟೆಗಂಟುಗಳ ನಡುವೆ ಕೂತು ಅತ್ತಳು.

ತಾನು ನಾಡಿ ನೋಡಿದೆ, ಸಕ್ಕರೆ ನೋಡಿದೆ, ಯಾವ ಮದ್ದು ಎಷ್ಟು ಎಂದು ತಲೆ ಕೆಡಿಸಿಕೊಂಡೆ. ಜೋಮು ಇಳಿಯುವ ತನಕ ಬಿಸಿಯ ಹತ್ತಿರ ಹೋಗಬೇಡಿ ಎಂದು ಬೇರೆ ರೋಗಿಗಳಿಗೆಲ್ಲ ತಪ್ಪದೆ ಹೇಳುವವಳು, ದೊಡ್ಡಮ್ಮನಿಗೆ ಹೇಳಲಿಲ್ಲ. ಜೀವಮಾನವೆಲ್ಲ ಬೆಂಕಿಯ ಜೊತೆ ಕೆಲಸ ಮಾಡಿದವಳಿಗೆ ಬಿಸಿ ಎಂದರೇನು ಎಂದು ಹೇಳಬೇಕೇ ಎಂದುಕೊಂಡಿದ್ದೆ. ನೋವು ಒಂದಿದ್ದಿದ್ದರೆ ಇವಳು ಮಂಚ ಬಿಟ್ಟು ಏಳುತ್ತಿರಲಿಲ್ಲ. ಇವಳನ್ನು ಹಿಡಿದು ಕೂರಿಸಬಲ್ಲದ್ದು ಜಗತ್ತಿನಲ್ಲಿ ಅದೊಂದೇ ಇತ್ತು, ಅದನ್ನೇ ತಾನು ಮುದ್ದಿನಿಂದ ಒಂದು ದಿನ ದೂರ ಅಟ್ಟಿದ್ದೆ. ಇದನ್ನೆಲ್ಲ ಅವಳು ಅಳುತ್ತಲೇ ಹೇಳಿದಳು. ಬಯ್ಯಬೇಕೆಂದುಕೊಂಡು ಬಂದವಳು ತನ್ನನ್ನೇ ಬಯ್ದುಕೊಂಡಳು.

ದೊಡ್ಡಮ್ಮ ಎಡಗೈಯಿಂದ ಅವಳ ತಲೆ ನೇವರಿಸಿದಳು. ತಪ್ಪು ನಿನ್ನದಲ್ಲ, ಇಳಿದು ಬಂದದ್ದು ನಾನು ಎಂದಳು. ನೋವಿಲ್ಲ ಅಂದ ಮೇಲೆ ಮಲಗಿರೋದು ಕಳ್ಳತನ ಅನ್ನಿಸಿತು ಎಂದಳು. ಗುಂಡಿ ಮುಖ ಒರೆಸಿಕೊಂಡು, ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಮಾತನ್ನು ಕೇಳಿದಳು. ನೋವಾದರೆ ಯಾಕೆ ಹೇಳುವುದಿಲ್ಲ ನೀನು?

ದೊಡ್ಡಪ್ಪ ಬಾಗಿಲ ಬಳಿ ನಿಂತಿದ್ದ. ದೊಡ್ಡಮ್ಮ ಅವನಿಗೆ ಮೇಲೆ ಹೋಗಿ ಚಹಾ ಮಾಡಿ ತರಲು ಹೇಳಿದಳು. ಅವನ ಹೆಜ್ಜೆ ಮೆಟ್ಟಿಲು ಹತ್ತುವವರೆಗೆ ಕಾದಳು.

"ನಿಮ್ಮಮ್ಮ ಇದ್ದಾಗ ಅವಳಿಗೆ ಹೇಳ್ತಿದ್ದೆ" ಎಂದಳು. "ಚಿಕ್ಕವಳಾದ್ರೂ ಕೇಳಿಸ್ಕೊಳ್ಳೋಕೆ ಅವಳೇ ದೊಡ್ಡೋಳು. ಏನೂ ಮಾಡ್ತಿರಲಿಲ್ಲ. ಹೌದಾ ಅಕ್ಕಾ, ಎಲ್ಲಿ, ತೋರಿಸು ಅಂತಿದ್ಲು, ಅಷ್ಟೆ. ಅವಳು ಹೋದ ಮೇಲೆ ಯಾರಿಗೆ ಹೇಳೋದು? ನಿಮ್ಮ ದೊಡ್ಡಪ್ಪನಿಗೆ ಹೇಳಿದ್ರೆ ಅವರಿಗೇ ಜ್ವರ ಬರುತ್ತೆ. ನೀನು ಮಗು. ಆಮೇಲೆ ಹೇಳದೇ ಇರೋದು ಅಭ್ಯಾಸ ಆಗಿಹೋಯ್ತು."

"ನಾನೀಗ ಮಗುವಲ್ಲ" ಎಂದಳು ಗುಂಡಿ.

"ಅದು ನನಗೆ ಜ್ಞಾಪಕ ಇರಲ್ಲ ಕಣೇ."

ಗುಂಡಿ ಆ ದಿನ ರಜೆ ಹಾಕಿದಳು. ಮೇಲೆ ಮಂಚದ ಮೇಲೆ ದೊಡ್ಡಮ್ಮನ ಪಕ್ಕ ಕೂತು, ತನ್ನ ತೊಡೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಆ ಕೈಯನ್ನು ಇಟ್ಟುಕೊಂಡಳು. ಕಾವಲು ಕಾಯುವವಳ ಹಾಗೆ. ಆಗ ಒಂದು ವಿಷಯ ಗಟ್ಟಿಯಾಗಿ ಹೇಳಿದಳು. ಜೋಮು ಇಳಿಯುವಾಗ ಮೊದಲು ಜುಂ ಅನ್ನುತ್ತದೆ, ಇರುವೆ ಹರಿದಂತಾಗುತ್ತದೆ. ಆಗಲೇ ಹೇಳಬೇಕು, ನೋವು ಪೂರ್ತಿ ಬರುವ ಮೊದಲೇ ಮಾತ್ರೆ ಹೊಟ್ಟೆಯಲ್ಲಿರಬೇಕು. ತಡ ಮಾಡಿದರೆ ನೋವು ಒಂದೇ ಸಲ ನೆರೆಯ ಹಾಗೆ ನುಗ್ಗುತ್ತದೆ. ದೊಡ್ಡಮ್ಮ ಆಯ್ತು ಎಂದಳು. ಆ ಆಯ್ತು ಎಂಥದ್ದೆಂದು ಗುಂಡಿಗೆ ಗೊತ್ತಿದ್ದರಿಂದ ಅವಳು ಮುಖವನ್ನೂ ನೋಡುತ್ತಿದ್ದಳು.

ಕಾಯುತ್ತ ಕೂತಾಗ ಮಾತಿಗೆ ಮಾತು ಬಂತು. ದೊಡ್ಡಮ್ಮ ತನ್ನ ತಂಗಿಯ ವಿಷಯ ಹೇಳಿದಳು, ಗುಂಡಿ ಕೇಳಿರದಂಥವನ್ನು. ಅಕ್ಕತಂಗಿಯರಿಗೆ ಒಂದೇ ಜೊತೆ ಒಳ್ಳೆಯ ಬೂಟುಗಳಿದ್ದದ್ದು, ಎಡದ್ದು ಒಬ್ಬಳು ಬಲದ್ದು ಒಬ್ಬಳು ಹಾಕಿಕೊಂಡು ಕನ್ನಡಿಯ ಮುಂದೆ ನಿಂತದ್ದು. ತಂಗಿ ನಕ್ಕರೆ ಬಿಕ್ಕಳಿಕೆ ಬರುತ್ತಿದ್ದದ್ದು. ನಿನಗೂ ಹಾಗೇ ಬರುತ್ತೆ, ನಿನಗೆ ಗೊತ್ತಾ ಎಂದಳು. ಗುಂಡಿಗೆ ಗೊತ್ತಿರಲಿಲ್ಲ. ದೊಡ್ಡಪ್ಪ ಚಹಾ ತಂದವನು ಅಲ್ಲೇ ಕಾಲ ಬುಡದಲ್ಲಿ ಕೂತ. ಬಟ್ಟಲು ಬಟ್ಟಲಿಗೆ ತಾಗಿ ಸದ್ದಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಬ್ಬೆರಳು ಒಂಚೂರು ಅಲುಗಿತು. ದೊಡ್ಡಪ್ಪನೇ ಮೊದಲು ನೋಡಿದ್ದು. ಅವನು ಬೆರಳು ತೋರಿಸಿದ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಒಮ್ಮೆ ಬಿಗಿದು, ಆಮೇಲೆ ಕಣ್ಣು ತೆರೆದಳು. ಏನಿಲ್ಲ ಎನ್ನುವುದಕ್ಕೆ ಬಾಯಿ ತೆರೆದಳು ಎಂದೇ ಗುಂಡಿ ಅಂದುಕೊಂಡಳು.

"ನೋಯ್ತಿದೆ ಕಣೇ" ಎಂದಳು ದೊಡ್ಡಮ್ಮ. ಹೊಸದಾಗಿ ಕಲಿತ ಭಾಷೆಯಲ್ಲಿ ಮಾತಾಡುವವರ ಹಾಗೆ ನಿಧಾನವಾಗಿ ಹೇಳಿದಳು. "ಇರುವೆ ಅಲ್ಲ. ನೋವೇ."

"ಎಲ್ಲಿ, ತೋರಿಸು" ಎಂದಳು ಗುಂಡಿ.

ದೊಡ್ಡಮ್ಮ ತೋರಿಸಿದಳು. ಮಣಿಕಟ್ಟಿನ ಈ ಬದಿ, ಆಮೇಲೆ ಆ ಬದಿ, ಸುಟ್ಟ ಜಾಗದಲ್ಲಿ ಉರಿ. ಎಲ್ಲವನ್ನೂ ಒಂದೊಂದಾಗಿ ತೋರಿಸಿದಳು, ಏನನ್ನೂ ಬಿಡದೆ. ಗುಂಡಿ ಮಾತ್ರೆ ಕೊಟ್ಟಳು, ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟಳು. ದೊಡ್ಡಪ್ಪ ಎದ್ದುಹೋಗಿ ಕಿಟಕಿಯ ಬಳಿ ಮುಖ ಮಾಡಿ ನಿಂತ. ಅವನಿಗೆ ಜ್ವರವೇನೂ ಬರಲಿಲ್ಲ.

ಸಕ್ಕರೆ ಎರಡು ದಿನದಲ್ಲಿ ತನ್ನ ಮಟ್ಟಕ್ಕೆ ಇಳಿಯಿತು. ಕಣ್ಣಿನ ರೆಪ್ಪೆ ಜೋಮಿನ ಜೊತೆಗೇ ಸರಿಹೋಯಿತು, ದೊಡ್ಡಪ್ಪನಿಗೆ ಅದೊಂದು ಸ್ವಲ್ಪ ಬೇಸರ. ಮೂಳೆ ಕೂಡಿಕೊಂಡಿತು. ಕೈ ಮೊದಲಿನಷ್ಟು ತಿರುಗಲು ತಿಂಗಳುಗಟ್ಟಲೆ ವ್ಯಾಯಾಮ ಬೇಕಾಯಿತು, ಆ ವ್ಯಾಯಾಮ ಮಾಡಿಸುವ ಹುಡುಗಿಗೆ ದೊಡ್ಡಮ್ಮ ಸಿಕ್ಕಾಪಟ್ಟೆ ಬಯ್ದಳಂತೆ. ಅಂಗಡಿಯಲ್ಲಿ ಅಷ್ಟು ಕಾಲ ದೊಡ್ಡಪ್ಪನೇ ಇಸ್ತ್ರಿ ಹಿಡಿದ. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಹೇಳಿಕೊಟ್ಟಳು. ಕೆಲವು ಗಿರಾಕಿಗಳು ತಮ್ಮ ಅಂಗಿಗೆ ಎರಡೆರಡು ಮಡಿಕೆ ಬಂದದ್ದನ್ನು ಕಂಡರೂ ತುಟಿಪಿಟಕ್ ಎನ್ನಲಿಲ್ಲ.

ಆಸ್ಪತ್ರೆಯಲ್ಲಿ ಗುಂಡಿ ನಡೆದದ್ದನ್ನು ಹಿರಿಯರಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ನೋಡಿದೆಯಾ, ಒಗ್ಗರಣೆ ಎಂದು ಅವರು ಚುಚ್ಚುತ್ತಾರೆ ಅಂದುಕೊಂಡಿದ್ದಳು. ಅವರು ಚುಚ್ಚಲಿಲ್ಲ. ಒಗ್ಗರಣೆ ಚೆನ್ನಾಗಿಯೇ ಇತ್ತು, ಉಣ್ಣುವವರು ಯಾರೆಂದು ನಾವು ಕೇಳಲಿಲ್ಲ ಎಂದರು. ಅಲ್ಲಿಂದ ಮುಂದೆ, ಕೈಗೆ ಉದ್ದದ ಜೋಮು ಕೊಡುವ ಮೊದಲು ಗುಂಡಿ ನಾಡಿ, ಸಕ್ಕರೆಗಳ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದಳು. ನಾಳೆ ಬೆಳಿಗ್ಗೆ ಎದ್ದು ನೀವು ಏನು ಮಾಡ್ತೀರಿ? ಒಬ್ಬ ಬೆಸುಗೆ ಹಾಕುವವನು, ಒಬ್ಬಳು ಬ್ರೆಡ್ಡಿನ ಒಲೆಯ ಮುಂದೆ ನಿಲ್ಲುವವಳು, ಒಬ್ಬಳು ಕೂಸಿನ ತಾಯಿ, ಎಲ್ಲರ ಉತ್ತರವೂ ಬೇರೆ ಬೇರೆ. ಕೆಲವರಿಗೆ ಒಗ್ಗರಣೆ ಹಾಕಿದಳು, ಕೆಲವರಿಗೆ ಬಿಟ್ಟಳು. ಹಾಕಿದವರ ಮನೆಯವರನ್ನು ಕೂರಿಸಿಕೊಂಡು, ಕೈ ಎಚ್ಚರಾಗುವ ತನಕ ಅದಕ್ಕೆ ನೀವೇ ಕಣ್ಣು ಎಂದು ಹೇಳಿ ಕಳಿಸುತ್ತಿದ್ದಳು.

ಮನೆಯಲ್ಲಿ ಆದ ಬದಲಾವಣೆಗೆ ಮಾತ್ರ ಅವಳು ಸಿದ್ಧಳಾಗಿರಲಿಲ್ಲ. ಒಂದು ದಿನ ಆಪರೇಷನ್ನುಗಳ ನಡುವೆ ದೊಡ್ಡಮ್ಮನ ಫೋನ್ ಬಂತು. ಅವಳು ಅಂಗಡಿಯಿಂದ ಫೋನ್ ಮಾಡುವವಳೇ ಅಲ್ಲ. ಗುಂಡಿ ಎದೆ ಹಿಡಿದುಕೊಂಡು ಎತ್ತಿದಳು.

"ಮೊಣಕಾಲು ನೋಯ್ತಿದೆ" ಎಂದಳು ದೊಡ್ಡಮ್ಮ.

ಯಾವಾಗಿನಿಂದ, ಬಿದ್ದೆಯಾ, ಊದಿದೆಯಾ, ಈಗಲೇ ಬರಲಾ ಎಂದು ಗುಂಡಿ ಒಂದೇ ಉಸಿರಿಗೆ ಕೇಳಿದಳು.

"ಬರಬೇಡ, ಏನೂ ಮಾಡಬೇಡ. ಹೇಳೋಣ ಅಂತ ಮಾಡಿದೆ, ಅಷ್ಟೆ."

ಹಿಂದಿನಿಂದ ದೊಡ್ಡಪ್ಪನ ದನಿ ಕೇಳಿಸಿತು. ತನ್ನ ಮೊಣಕಾಲೂ ನೋಯುತ್ತಿದೆ, ಅದನ್ನೂ ಹೇಳು ಎನ್ನುತ್ತಿದ್ದ. ಗುಂಡಿಗೆ ನಗು ಬಂತು, ನಗುವಿನ ಬೆನ್ನಿಗೇ ಬಿಕ್ಕಳಿಕೆ ಬಂತು. ಆ ಕಡೆ ದೊಡ್ಡಮ್ಮ ಫೋನ್ ಇಡದೆ, ಅದು ನಿಲ್ಲುವವರೆಗೂ ಕೇಳುತ್ತ ನಿಂತಳು.